ಜೆರ್ರಿ ರೈಸ್ ಬಗ್ಗೆ ಮಾತಾಡೋಣ ಬನ್ನಿ (ಈ ಆಟ ಗೊತ್ತಿಲ್ದೋರೂ ಬನ್ನಿ)

ಭಾನುವಾರದ_ವೀಕ್ಷಕ

ಎಲ್ರಿಗೂ ನಮಸ್ಕಾರ. ಇದು ಅಮೆರಿಕದ ಫುಟ್‌ಬಾಲ್ ವಿಷ್ಯ, ಹೆಲ್ಮೆಟ್ ಹಾಕ್ಕೊಂಡು ಮೊಟ್ಟೆ ಆಕಾರದ ಚೆಂಡಲ್ಲಿ ಆಡ್ತಾರಲ್ಲ ಅದು. ನಾನು ಸಾಂಟಾ ಕ್ಲಾರಾಗೆ ಬಂದು ಹನ್ನೊಂದು ವರ್ಷ ಆಯ್ತು, ಮೊದಲ ಐದು ವರ್ಷ ಈ ಆಟದ ಕಡೆ ತಿರುಗಿನೂ ನೋಡಿರ್ಲಿಲ್ಲ, ಲೀವೈಸ್ ಸ್ಟೇಡಿಯಂ ಅಂದ್ರೆ ಭಾನುವಾರ ಆ ಕಡೆ ಕಾರ್ ತೆಗೀಬಾರ್ದು ಅನ್ನೋದಷ್ಟೇ ಗೊತ್ತಿತ್ತು. ಆಮೇಲೆ ಆಫೀಸಲ್ಲಿ ಒಬ್ರು ಹಿರಿಯರು, ಹಳೇ ಕ್ಯಾಂಡಲ್‌ಸ್ಟಿಕ್ ಪಾರ್ಕಲ್ಲಿ ಚಳಿ ಗಾಳಿಲಿ ಕೂತ್ಕೊಂಡು ಮ್ಯಾಚ್ ನೋಡಿದೋರು, ನಂಗೆ 1989ರ ಜನವರಿಯ ಸೂಪರ್ ಬೌಲ್ (ವರ್ಷಕ್ಕೊಂದ್ಸಲ ನಡೆಯೋ ಫೈನಲ್) ವಿಡಿಯೋ ತೋರಿಸಿದ್ರು. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಮತ್ತೆ ಸಿನ್ಸಿನಾಟಿ ಬೆಂಗಾಲ್ಸ್, ಮಯಾಮಿಲಿ. 80ನೇ ನಂಬರ್ ಜೆರ್ಸಿಯ ಒಬ್ಬ ಮನುಷ್ಯ ಅವತ್ತು 11 ಕ್ಯಾಚ್ ಹಿಡಿದು 215 ಗಜ ಗಳಿಸ್ದ, ಅಂದ್ರೆ ಆ ಕ್ಯಾಚ್ಗಳಿಂದ ತಂಡ ಅಷ್ಟು ದೂರ ಮುಂದೆ ಹೋಯ್ತು. ಅದೇ ಜೆರ್ರಿ ರೈಸ್.

ಅವತ್ತಿಂದ ನಂಗೆ ಹುಚ್ಚು ಹಿಡಿದಿದೆ ಅಂತ್ಲೇ ಹೇಳ್ಬೇಕು. ಸಿಕ್ಕ ಸಂದರ್ಶನ ಎಲ್ಲ ನೋಡ್ದೆ, ಹಳೇ ಮ್ಯಾಚ್ ಎಲ್ಲ ಹುಡುಕಿ ನೋಡ್ದೆ. ಕನ್ನಡದಲ್ಲಿ ಈ ಮನುಷ್ಯನ ಬಗ್ಗೆ ಯಾರೂ ಸರಿಯಾಗಿ ಮಾತಾಡಿದ್ದು ನಾನು ನೋಡಿಲ್ಲ, ಅದಕ್ಕೆ ಈ ಚರ್ಚೆ ಶುರು ಮಾಡ್ತಿದೀನಿ.

ಲೆಕ್ಕ ಒಂದ್ಸಲ ಹೇಳಿ ಮುಗಿಸ್ಬಿಡ್ತೀನಿ. 1985ರಿಂದ 2004ರವರೆಗೆ 20 ಸೀಸನ್, 303 ಪಂದ್ಯ, 1,549 ಕ್ಯಾಚ್, 22,895 ಗಜ, ಒಟ್ಟು 208 ಟಚ್‌ಡೌನ್ (ಚೆಂಡನ್ನ ಎದುರಾಳಿ ತುದಿಯ ಗೆರೆ ದಾಟಿಸಿ ಅಂಕ ಗಳಿಸೋದು). ಎರಡನೇ ಸ್ಥಾನದಲ್ಲಿರೋ ಲ್ಯಾರಿ ಫಿಟ್ಜ್‌ಜೆರಾಲ್ಡ್ 17 ಸೀಸನ್ ಆಡಿ ಮುಟ್ಟಿದ್ದು 17,492 ಗಜ. ಮಧ್ಯೆ ಐದು ಸಾವಿರಕ್ಕಿಂತ ಜಾಸ್ತಿ ಅಂತರ! ಒಬ್ಬ ಒಳ್ಳೆ ವೈಡ್ ರಿಸೀವರ್, ಅಂದ್ರೆ ರೈಸ್ ಥರ ಎಸೆದ ಚೆಂಡು ಹಿಡಿಯೋನು, ವರ್ಷಕ್ಕೆ ಸಾವಿರ ಗಜ ಹೊಡೆದ್ರೆ ಊರೆಲ್ಲ ಹೊಗಳ್ತಾರೆ, ಅಂಥ ಐದು ವರ್ಷ ಅದು.

ಆದ್ರೆ ನಂಗೆ ಹಿಡಿಸಿದ್ದು ಈ ಲೆಕ್ಕ ಅಲ್ಲ. ಈತ ಅವನ ಕಾಲದಲ್ಲೇ ಎಲ್ರಿಗಿಂತ ವೇಗದೋನು ಅಲ್ಲ, ಎಲ್ರಿಗಿಂತ ಎತ್ತರದೋನೂ ಅಲ್ಲ. ಹಂಗಾದ್ರೆ ಹೆಂಗೆ? ಈ ಪ್ರಶ್ನೆ ತಲೇಲಿ ಕೊರೀತಾನೇ ಇದೆ. ನಿಮಗೇನನ್ಸತ್ತೆ ಹೇಳಿ.

ಧಾರವಾಡ_ಪೇಡಾ

ಛಲೋ ವಿಷಯ ತಗದೀರಿ ನೋಡ್ರಿ. ನನಗ ಈ ಆಟದ ಗಂಧ ಗಾಳಿ ಇಲ್ರಿ, ಡಲ್ಲಾಸಿಗೆ ಬಂದು ಎಂಟು ತಿಂಗಳಾತು, ಇಲ್ಲಿ ಮಂದಿ ಶುಕ್ರವಾರ ಹೈಸ್ಕೂಲ್ ಹುಡುಗುರ ಆಟ ನೋಡಾಕ ಜಾತ್ರಿಗೆ ಹೋದಂಗ ಹೋಗ್ತಾರ. ಈ ವೈಡ್ ರಿಸೀವರ್ ಅಂದ್ರ ಬರೇ ಕ್ಯಾಚ್ ಹಿಡಿಯಾಂವ ಏನ್ರಿ? ಅಷ್ಟಕ್ಕ ಇಷ್ಟು ಹೆಸರು ಯಾಕ ಬರ್ತದ? ಸ್ವಲ್ಪ ಬಿಡಿಸಿ ಹೇಳ್ರಿ.

ಕೆಂಪು_ಚಿನ್ನ_80

ಧಾರವಾಡದೋರೇ, ನಾನು ಹೇಳ್ತೀನಿ. ಮೈದಾನ 100 ಗಜ ಉದ್ದ. ಚೆಂಡು ನಿಮ್ಮ ಹತ್ರ ಇದ್ದಾಗ ನಾಲ್ಕು ಸಲ ಅವಕಾಶ ಸಿಗತ್ತೆ, ಆ ನಾಲ್ಕರೊಳಗೆ 10 ಗಜ ಮುಂದೆ ಹೋದ್ರೆ ಮತ್ತೆ ಹೊಸದಾಗಿ ನಾಲ್ಕು, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಅನ್ನೋನು ಮಧ್ಯೆ ನಿಂತು ಚೆಂಡು ಎಸೀತಾನೆ. ವೈಡ್ ರಿಸೀವರ್ ಸಾಲಿನ ತುದಿಯಲ್ಲಿ, ಗಡಿಗೆರೆ ಕಡೆ ದೂರ ನಿಂತಿರ್ತಾನೆ, ಅದಕ್ಕೇ ವೈಡ್. ಆಟ ಶುರುವಾದ ತಕ್ಷಣ ಓಡ್ತಾನೆ, ಆದ್ರೆ ಮನಸ್ಸಿಗೆ ಬಂದಂಗೆ ಅಲ್ಲ, ಮೊದಲೇ ಗೊತ್ತಾದ ದಾರಿ ಇರತ್ತೆ, ಅದಕ್ಕೆ ರೂಟ್ ಅಂತಾರೆ. ಇಷ್ಟು ಹೆಜ್ಜೆ ನೇರ ಓಡು, ಇಲ್ಲಿ ಒಳಗೆ ತಿರುಗು, ಅಥವಾ ಇಲ್ಲಿ ನಿಂತು ವಾಪಸ್ ಬಾ, ಹಿಂಗೆ. ಎದುರಾಳಿ ಕಡೆಯಿಂದ ಕಾರ್ನರ್‌ಬ್ಯಾಕ್ ಅನ್ನೋನು ನೆರಳಿನ ಥರ ಅಂಟ್ಕೊಂಡಿರ್ತಾನೆ.

ಮುಖ್ಯ ವಿಷ್ಯ ಏನಂದ್ರೆ ಎಷ್ಟೋ ಸಲ ರಿಸೀವರ್ ತಿರುಗೋಕೆ ಮುಂಚೇನೇ ಚೆಂಡು ಕ್ವಾರ್ಟರ್‌ಬ್ಯಾಕ್ ಕೈ ಬಿಟ್ಟಿರತ್ತೆ. ಖಾಲಿ ಜಾಗಕ್ಕೆ ಎಸೀತಾನೆ, ಆ ಹೊತ್ತಿಗೆ ಇವನು ಅಲ್ಲಿ ಇರ್ಬೇಕು. ಒಂದು ಹೆಜ್ಜೆ ಹೆಚ್ಚುಕಮ್ಮಿ ಆದ್ರೂ ಚೆಂಡು ಎದುರಾಳಿ ಪಾಲು. ಹಿಡಿದ ಮೇಲೆ 100 ಕಿಲೋ ಆಸಾಮಿ ಬಂದು ಪಕ್ಕೆಗೆ ಗುದ್ದುತಾನೆ, ಆಗ್ಲೂ ಚೆಂಡು ಬಿಡಬಾರ್ದು.

ಬಿಲ್ ವಾಲ್ಶ್ ಅಂತ ಫಾರ್ಟಿನೈನರ್ಸ್ ಕೋಚ್, ಅವರ ಆಟ ಇಡೀ ಈ ಕರಾರುವಾಕ್ಕಾದ ಲೆಕ್ಕದ ಮೇಲೆ ನಿಂತಿತ್ತು. ದೂರ ಎಸೆಯೋದು ಕಮ್ಮಿ. ಐದು ಹತ್ತು ಗಜದ ಸಣ್ಣ ಪಾಸ್, ಓಡ್ತಾ ಇರೋನ ಎದೆಗೆ ಸರಿಯಾಗಿ ಬರ್ಬೇಕು, ಅವನು ವೇಗ ಕಮ್ಮಿ ಮಾಡದೇ ಹಿಡಿದು ಹಂಗೇ ಓಡ್ಬೇಕು. ರೈಸ್ ಹೊಡೆದ ಎಷ್ಟೋ ಟಚ್‌ಡೌನ್ ನೋಡಿ, ಪಾಸ್ ಎಂಟು ಗಜದ್ದು, ಓಟ ಐವತ್ತು ಗಜದ್ದು.

ಸ್ಲಿಪ್_ಫೀಲ್ಡರ್

ಚೆನ್ನಾಗಿ ಹೇಳಿದ್ರಿ ಸರ್. ಕ್ರಿಕೆಟ್ ಕಡೆಯಿಂದ ಬಂದೋರಿಗೆ ನಾನೊಂದು ಹೇಳ್ತೀನಿ, ನಮ್ಮ ದ್ರಾವಿಡ್ ಟೆಸ್ಟಲ್ಲಿ 210 ಕ್ಯಾಚ್ ಹಿಡಿದ್ರಲ್ಲ, ಹೆಚ್ಚಿನವು ಸ್ಲಿಪ್ಪಲ್ಲಿ, ಅದು ನಿಂತ್ಕೊಂಡು ಬರೋದನ್ನ ಕಾಯೋ ಕೆಲಸ. ಇದು ಓಡ್ಕೊಂಡು ಹೋಗಿ, ಬೆನ್ನು ಹಿಂದಿಂದ ಬರೋ ಚೆಂಡನ್ನ ಕೊನೇ ಕ್ಷಣ ತಿರುಗಿ ಹಿಡಿಯೋದು. ಎರಡಕ್ಕೂ ಬೇಕಾಗಿರೋ ಕೈ ಮಾತ್ರ ಒಂದೇ ಥರದ್ದು, ಗಟ್ಟಿ ಕೈ ಇದ್ರೆ ಚೆಂಡು ಚಿಮ್ಮಿ ಹೋಗತ್ತೆ.

ಈತನಿಗೆ ಆ ಕೈ ಎಲ್ಲಿಂದ ಬಂತು ಅಂತ ಯಾರಾದ್ರೂ ಇಟ್ಟಿಗೆ ಕಥೆ ಹೇಳಿ, ನಂಗೆ ಅರ್ಧಂಬರ್ಧ ಗೊತ್ತು.

ಭಾನುವಾರದ_ವೀಕ್ಷಕ

ಹಾಂ ಅದನ್ನ ಹೇಳ್ಲೇಬೇಕು. ರೈಸ್ ಹುಟ್ಟಿದ್ದು 1962ರ ಅಕ್ಟೋಬರ್ 13, ಮಿಸಿಸಿಪಿ ರಾಜ್ಯದ ಸ್ಟಾರ್ಕ್‌ವಿಲ್‌ನಲ್ಲಿ. ಬೆಳೆದಿದ್ದು ಪಕ್ಕದ ಕ್ರಾಫರ್ಡ್ ಅನ್ನೋ ಪುಟ್ಟ ಊರಲ್ಲಿ. ಮನೇಲಿ ಎಂಟು ಮಕ್ಕಳು. ಅಪ್ಪ ಜೋ ನೇಥನ್ ರೈಸ್ ಇಟ್ಟಿಗೆ ಕಟ್ಟೋ ಮೇಸ್ತ್ರಿ. ಬೇಸಿಗೆ ಬಂತಂದ್ರೆ ಗಂಡು ಮಕ್ಕಳನ್ನೆಲ್ಲ ಕೆಲಸಕ್ಕೆ ಕರ್ಕೊಂಡು ಹೋಗ್ತಿದ್ರು. ಮಿಸಿಸಿಪಿ ಬೇಸಿಗೆ ಅಂದ್ರೆ ಬಿಸಿಲು ಸೆಖೆ ಎರಡೂ ಸೇರಿ ಸಾಯಿಸತ್ತೆ. ಜೆರ್ರಿ ಸಾರುವೆ ಮೇಲೆ ನಿಲ್ತಿದ್ದ, ಕೆಳಗಿಂದ ಅಣ್ಣತಮ್ಮಂದಿರು ಒಟ್ಟೊಟ್ಟಿಗೆ ಒಂದಷ್ಟು ಇಟ್ಟಿಗೆ ಎಸೀತಿದ್ರು, ಅವನ್ನ ಗಾಳಿಲೇ ಹಿಡಿದು ಜೋಡಿಸ್ಬೇಕು. ಅಪ್ಪ ಬಹಳ ಬಿಗಿ ಮನುಷ್ಯ. ಕೆಲಸ ಕೆಟ್ರೆ ಸುಮ್ನಿರೋರಲ್ಲ.

ಫುಟ್‌ಬಾಲಿಗೆ ಬಂದಿದ್ದು ಅಚಾನಕ್ಕಾಗಿ. ಹೈಸ್ಕೂಲಲ್ಲಿ ಒಂದಿನ ಕ್ಲಾಸಿಗೆ ಚಕ್ಕರ್ ಹಾಕಿ ನಿಂತಿದ್ದಾಗ ಶಾಲೆಯ ಮೇಲಿನವರೊಬ್ರು ಹಿಂದಿಂದ ಬಂದ್ರು, ಇವನು ಬೆದರಿ ಓಟ ಕಿತ್ತ. ಆ ಓಟ ನೋಡಿದ ಅವರು ಬೆತ್ತದ ಏಟೂ ಕೊಟ್ರು, ಹೋಗಿ ಫುಟ್‌ಬಾಲ್ ಕೋಚಿಗೆ ವಿಷ್ಯಾನೂ ಮುಟ್ಟಿಸಿದ್ರು. ಅಮ್ಮನಿಗೆ ಈ ಆಟ ಮೊದ್ಲು ಇಷ್ಟ ಇರ್ಲಿಲ್ಲ.

ಗಾರೆಮೇಸ್ತ್ರಿ_ಮಗ

ಇಷ್ಟು ದಿನ ಈ ಗುಂಪಲ್ಲಿ ಬರೀ ಓದ್ತಿದ್ದೆ, ಇದನ್ನ ಓದಿ ಬರೀದೇ ಇರೋಕಾಗ್ಲಿಲ್ಲ.

ನಮ್ಮಪ್ಪ ಗಾರೆ ಮೇಸ್ತ್ರಿ. ಅರಸೀಕೆರೆ ಕಡೆ. ನಾನು ಏಳನೇ ಕ್ಲಾಸಿಂದ ಪಿಯುಸಿವರೆಗೆ ಪ್ರತಿ ಬೇಸಿಗೆ ರಜ ಅವರ ಜೊತೆ ಕೆಲಸಕ್ಕೆ ಹೋಗಿದೀನಿ. ಕೆಳಗಿರೋನು ಇಟ್ಟಿಗೆ ಎಸೀತಾನೆ, ಸಾರುವೆ ಮೇಲಿರೋನು ಹಿಡೀತಾನೆ, ಅವನಿಂದ ಮೇಸ್ತ್ರಿ ಕೈಗೆ. ನಾನು ಮಧ್ಯದೋನು. ಮೊದಲ ವಾರ ಎರಡೂ ಅಂಗೈ ಸಿಪ್ಪೆ ಎದ್ದು ಹೋಗಿತ್ತು, ಅನ್ನ ಕಲಸೋಕೆ ಆಗ್ತಿರ್ಲಿಲ್ಲ, ಅವ್ವ ಕೊಬ್ಬರಿ ಎಣ್ಣೆ ಹಚ್ಚೋರು. ಒಂದು ಇಟ್ಟಿಗೆ ಮಿಸ್ ಆದ್ರೆ ಕೆಳಗೆ ಇರೋನ ತಲೆ ಮೇಲೆ ಬೀಳತ್ತೆ, ಅದೊಂದು ಭಯ ಯಾವಾಗ್ಲೂ ಹೊಟ್ಟೇಲಿ ಇರ್ತಿತ್ತು. ಕ್ಯಾಚ್ ಬಿಟ್ರೆ ಬೌಂಡ್ರಿ ಹೋಗತ್ತೆ ಅನ್ನೋ ಥರದ ಭಯ ಅಲ್ಲ ಅದು.

ರೈಸ್ ಎಷ್ಟೋ ಕಡೆ ಹೇಳ್ಕೊಂಡಿದಾನಲ್ಲ, ನನ್ನ ಓಡಿಸಿದ್ದು ಸೋಲೋ ಭಯ ಅಂತ, ಜನ ಅದನ್ನ ದೊಡ್ಡ ಮಾತು ಅನ್ನೋ ಥರ ಕೇಳ್ತಾರೆ. ನಂಗೆ ಅದು ದೊಡ್ಡ ಮಾತು ಅನ್ಸಲ್ಲ, ಸಾರುವೆ ಮೇಲೆ ನಿಂತಿರೋ ಹುಡುಗನ ಸಾದಾ ಮಾತು ಅನ್ಸತ್ತೆ.

ಫ್ರೀಮಾಂಟ್_ಅಮ್ಮ

ಗಾರೆಮೇಸ್ತ್ರಿ ಮಗ ಅವ್ರೇ, ಓದಿ ಕಣ್ಣು ತುಂಬಿ ಬಂತು. ನೀವು ಇನ್ನೂ ಬರೀಬೇಕು.

ನನ್ನ ಮಗ ಹೈಸ್ಕೂಲ್ ಟೀಮಲ್ಲಿ ರಿಸೀವರ್, ಅದಕ್ಕೆ ಈ ಚರ್ಚೆ ನಂಗೆ ಬಹಳ ಹತ್ತಿರದ್ದು. ಅವನು ಹೇಳಿದ್ದು, ರೈಸ್ ಪ್ರಾಕ್ಟೀಸಲ್ಲಿ ಒಂದು ಕ್ಯಾಚ್ ಹಿಡಿದ್ರೆ ಅಲ್ಲೇ ನಿಲ್ತಿರ್ಲಿಲ್ವಂತೆ, ಎದುರಿಗೆ ಯಾರೂ ಇಲ್ದೇ ಇದ್ರೂ ಪೂರ್ತಿ ಎಂಡ್ ಝೋನ್‌ವರೆಗೆ, ಅಂದ್ರೆ ಮೈದಾನದ ಆ ತುದಿವರೆಗೆ, ಓಡಿ ಬರ್ತಿದ್ನಂತೆ. ಪ್ರತಿ ಸಲ. ಬೇರೆ ಹುಡುಗ್ರು ನೋಡಿ ನೋಡಿ ಅವರೂ ಓಡೋಕೆ ಶುರು ಮಾಡಿದ್ರಂತೆ. ನನ್ನ ಮಗ ಈಗ ಹಂಗೇ ಮಾಡ್ತಾನೆ, ಸಂಜೆ ಮನೆಗೆ ಬಂದು ಸೋಫಾ ಮೇಲೆ ಬಿದ್ರೆ ಊಟಕ್ಕೂ ಏಳಲ್ಲ.

ಒಂದು ಪ್ರಶ್ನೆ, ಈತ ದೊಡ್ಡ ಕಾಲೇಜಲ್ಲಿ ಆಡ್ಲಿಲ್ಲ ಅಂತ ಕೇಳ್ದೆ, ನಿಜಾನಾ?

ಕೆಂಪು_ಚಿನ್ನ_80

ನಿಜ ಅಕ್ಕ. ಮಿಸಿಸಿಪಿ ವ್ಯಾಲಿ ಸ್ಟೇಟ್ ಯೂನಿವರ್ಸಿಟಿ, ಇಟ್ಟಾ ಬೀನಾ ಅನ್ನೋ ಊರಲ್ಲಿದೆ. ಕಪ್ಪು ಜನರ ಓದಿಗೆ ಅಂತ್ಲೇ ಶುರುವಾದ ಕಾಲೇಜುಗಳಲ್ಲಿ ಒಂದು, ಆಟದಲ್ಲೂ ಎರಡನೇ ದರ್ಜೆ ವಿಭಾಗ. ಆದ್ರೆ ಅಲ್ಲಿ ಆರ್ಚೀ ಕೂಲಿ ಅನ್ನೋ ಕೋಚ್ ಇದ್ರು, ಅಡ್ಡಹೆಸರು ಗನ್‌ಸ್ಲಿಂಗರ್. ಅವರ ಆಟ ಪೂರ್ತಿ ಪಾಸಿಂಗ್, ಒಂದೇ ಕಡೆ ನಾಲ್ಕು ರಿಸೀವರ್‌ಗಳನ್ನ ಸಾಲಾಗಿ ನಿಲ್ಲಿಸೋರು, ಎದುರಾಳಿಗೆ ತಲೆಬುಡ ಗೊತ್ತಾಗ್ತಿರ್ಲಿಲ್ಲ. ಕ್ವಾರ್ಟರ್‌ಬ್ಯಾಕ್ ವಿಲ್ಲೀ ಟಾಟನ್. 1984ರಲ್ಲಿ ರೈಸ್ 27 ಟಚ್‌ಡೌನ್ ಪಾಸ್ ಹಿಡಿದ. ಅದಕ್ಕೂ ಮುಂಚೆ 1983ರಲ್ಲಿ ಸದರ್ನ್ ಯೂನಿವರ್ಸಿಟಿ ಮೇಲೆ ಒಂದೇ ಪಂದ್ಯದಲ್ಲಿ 24 ಕ್ಯಾಚ್. ಆ ಕಾಲೇಜಿನ ಸ್ಟೇಡಿಯಮ್ಮಿಗೆ ಈಗ ರೈಸ್ ಟಾಟನ್ ಇಬ್ಬರ ಹೆಸರೂ ಇದೆ.

ಇಷ್ಟೆಲ್ಲ ಮಾಡಿದ್ರೂ ಎನ್‌ಎಫ್‌ಎಲ್‌ನ (ಇಲ್ಲಿನ ವೃತ್ತಿಪರ ಲೀಗ್) ಎಷ್ಟೋ ತಂಡದೋರಿಗೆ ಅನುಮಾನ. 40 ಗಜದ ಓಟಕ್ಕೆ ಹತ್ರತ್ರ 4.6 ಸೆಕೆಂಡ್ ತಗೋತಾನೆ, ಸಣ್ಣ ಕಾಲೇಜಲ್ಲಿ ಯಾರ್ ಮೇಲೆ ಆಡಿದಾನೆ ಅಂತ. ವಾಲ್ಶ್ ಮಾತ್ರ 1984ರಲ್ಲಿ ಒಂದು ಪಂದ್ಯಕ್ಕೆ ಹ್ಯೂಸ್ಟನ್‌ಗೆ ಹೋಗಿದ್ದಾಗ ಹೋಟೆಲ್ ರೂಮಿನ ಟೀವಿಲಿ ಈ ಹುಡುಗನ್ನ ನೋಡಿದ್ರು. ಮನಸ್ಸಲ್ಲಿ ಇಟ್ಕೊಂಡ್ರು. ಫಾರ್ಟಿನೈನರ್ಸ್ ಆ ವರ್ಷ ಸೂಪರ್ ಬೌಲ್ ಗೆದ್ದಿದ್ರಿಂದ ಡ್ರಾಫ್ಟಲ್ಲಿ (ಕಾಲೇಜು ಆಟಗಾರರನ್ನ ತಂಡಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) ಅವರ ಸರದಿ ಕೊಟ್ಟಕೊನೇಲಿ, ಅಷ್ಟೊತ್ತಿಗೆ ಇವನು ಉಳಿದಿರಲ್ಲ. ನ್ಯೂ ಇಂಗ್ಲೆಂಡ್ ಜೊತೆ ಒಪ್ಪಂದ ಮಾಡ್ಕೊಂಡು 16ನೇ ಸ್ಥಾನಕ್ಕೆ ಮೇಲೆ ಬಂದು ತಗೊಂಡ್ರು. ಇವನಿಗಿಂತ ಮುಂಚೆ ಅದೇ ಡ್ರಾಫ್ಟಲ್ಲಿ ಇಬ್ರು ರಿಸೀವರ್‌ಗಳು ಹೋಗಿದ್ರು, ಆಲ್ ಟೂನ್ ಮತ್ತೆ ಎಡ್ಡೀ ಬ್ರೌನ್. ಅವರೂ ಒಳ್ಳೆ ಆಟಗಾರರೇ.

ಮಿನ್ನೆಸೋಟ_ಚಳಿ

ಎಲ್ಲ ಸರಿ. ಆದ್ರೆ ನಾನು ವಿರುದ್ಧ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ರಾಜ್ಯಕ್ಕೆ ಬಂದು ಇಪ್ಪತ್ತು ವರ್ಷ ಮೇಲಾಯ್ತು, ನಮಗೆ ಇಲ್ಲಿನ ವೈಕಿಂಗ್ಸ್ ತಂಡದ ರಿಸೀವರ್ ರ್‍ಯಾಂಡಿ ಮಾಸ್ ಅಂದ್ರೆ ದೇವ್ರು. 1998ರಲ್ಲಿ ಮೊದಲ ವರ್ಷಾನೇ 17 ಟಚ್‌ಡೌನ್. 2007ರಲ್ಲಿ ಪೇಟ್ರಿಯಟ್ಸ್‌ಗೆ ಹೋಗಿ 23, ಒಂದೇ ಸೀಸನ್‌ನ ರೈಸ್ ದಾಖಲೆ ಮುರಿದ. ಮಾಸ್ ಮೇಲೆ ಇಬ್ಬರು ಮೂವರು ಕಾವಲು ಹಾಕಿದ್ರೂ ಅವರ ತಲೆ ಮೇಲಿಂದ ಹಿಡೀತಿದ್ದ. ರೈಸ್‌ಗೆ ಮೊದ್ಲು ಜೋ ಮೊಂಟಾನಾ, ಆಮೇಲೆ ಸ್ಟೀವ್ ಯಂಗ್, ಇಬ್ರೂ ಹಾಲ್ ಆಫ್ ಫೇಮ್ (ಶ್ರೇಷ್ಠರ ಗೌರವ ಪಟ್ಟಿ) ಸೇರಿದ ಕ್ವಾರ್ಟರ್‌ಬ್ಯಾಕ್‌ಗಳು, ಮೇಲೆ ವಾಲ್ಶ್ ಥರದ ಕೋಚ್. ಅಂಥ ತಂಡದಲ್ಲಿ ಬಿದ್ದಿದ್ದು ಅವನ ಅದೃಷ್ಟ ಅಲ್ವಾ?

ಭಾನುವಾರದ_ವೀಕ್ಷಕ

ಬೇಜಾರ್ ಯಾಕೆ ಸರ್, ಇದಕ್ಕೇ ತಾನೇ ಚರ್ಚೆ. ಮಾಸ್ ಆಟ ನಾನೂ ನೋಡಿದೀನಿ, ಅಂಥ ಮೈಕಟ್ಟು, ಅಂಥ ವೇಗ ಇನ್ನೊಬ್ರಿಗೆ ಇಲ್ಲ, ಒಪ್ತೀನಿ. ಆದ್ರೆ ಒಂದು ಹೇಳ್ಬೇಕು. ಮಾಸ್ ಆ 23 ಹೊಡೆದಿದ್ದು 16 ಪಂದ್ಯದಲ್ಲಿ. 1987ರಲ್ಲಿ ಆಟಗಾರರ ಮುಷ್ಕರ ಆಯ್ತು, ರೈಸ್ ಆಡಿದ್ದು ಬರೀ 12 ಪಂದ್ಯ, ಹೊಡೆದಿದ್ದು 22. ಆ ಸೀಸನ್‌ನಲ್ಲಿ ಎರಡನೇ ಸ್ಥಾನದೋನು ಹೊಡೆದಿದ್ದು 11, ಸರಿಯಾಗಿ ಅರ್ಧ.

ಕ್ವಾರ್ಟರ್‌ಬ್ಯಾಕ್ ಅದೃಷ್ಟ ಅನ್ನೋದು ಅರ್ಧ ಸರಿ. ಆದ್ರೆ ಅಂಥ ತಂಡದಲ್ಲಿ ಬಿದ್ದೋನು ಮೊದಲ ವರ್ಷ ಏನಾದ ನೋಡಿ. ಕ್ಯಾಚ್ ಮೇಲೆ ಕ್ಯಾಚ್ ಬಿಟ್ಟ, ಸ್ವಂತ ತಂಡದ ಅಭಿಮಾನಿಗಳೇ ಬೂ ಅಂತ ಕೂಗಿದ್ರು. ಮಿಸಿಸಿಪಿ ಹಳ್ಳಿಯಿಂದ ಬಂದ ಹುಡುಗ, ಕೈಗೆ ಒಂದೊಂದು ಚೆಂಡೂ ಇಟ್ಟಿಗೆ ಥರ ಬಡಿದು ಕೆಳಗೆ ಬೀಳ್ತಿದೆ. ಆಮೇಲೆ ಡಿಸೆಂಬರಲ್ಲಿ ಒಂದು ಸೋಮವಾರ ರಾತ್ರಿ ರ್‍ಯಾಮ್ಸ್ ಮೇಲೆ 10 ಕ್ಯಾಚ್, 241 ಗಜ. ಅಲ್ಲಿಂದ ತಿರುಗಿ ನೋಡ್ಲಿಲ್ಲ ಅಂತ ಬರೀಬೇಕು ಅನ್ಸತ್ತೆ ಆದ್ರೆ ಅದು ಸುಳ್ಳು. 1987ರ ಜನವರಿಯ ಪ್ಲೇಆಫ್ ಪಂದ್ಯ, ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ, ಚೆಂಡು ಹಿಡಿದ, ಮುಂದೆ ಯಾರೂ ಇಲ್ಲ, ಟಚ್‌ಡೌನ್ ಖಾತ್ರಿ, ಯಾರೂ ಮುಟ್ಟದೇನೇ ಚೆಂಡು ಕೈಯಿಂದ ಜಾರಿ ಹೋಯ್ತು. ಆ ಪಂದ್ಯ 49-3ರಲ್ಲಿ ಸೋತ್ರು. ಮುಂದಿನ ಸೀಸನ್ನೇ ಆ 22 ಟಚ್‌ಡೌನ್ ಬಂದಿದ್ದು. ನಂಗೆ ಇವೆರಡನ್ನೂ ಬೇರೆ ಬೇರೆ ಮಾಡಿ ನೋಡೋಕಾಗಲ್ಲ.

ಧಾರವಾಡ_ಪೇಡಾ

ಅಬ್ಬಬ್ಬಾ. ಆ 89ರ ಫೈನಲ್ ಹೆಂಗ ಗೆದ್ರು ಅನ್ನೂದನ್ನೂ ಹೇಳ್ರಿ, ನಡುವ ಬಿಟ್ಟೀರಿ.

ಭಾನುವಾರದ_ವೀಕ್ಷಕ

ಮೂರು ನಿಮಿಷ ಚಿಲ್ಲರೆ ಉಳಿದಿದೆ, ಬೆಂಗಾಲ್ಸ್ 16, ಇವರು 13. ಚೆಂಡು ಇವರದೇ 8 ಗಜದ ಗೆರೆ ಹತ್ರ, ಅಂದ್ರೆ ಮೈದಾನದ ಆ ತುದಿ ತಲುಪೋಕೆ 92 ಗಜ. ಮೊಂಟಾನಾ ಮನುಷ್ಯನಿಗೆ ಗಡಿಬಿಡೀನೇ ಇಲ್ಲ, ಸಣ್ಣ ಸಣ್ಣ ಪಾಸ್‌ಗಳು. ಒಂದು ಘಟ್ಟದಲ್ಲಿ ಪೆನಾಲ್ಟಿ ಆಗಿ ಹಿಂದಕ್ಕೆ ತಳ್ಳಿದ್ರು, ಆಗ ರೈಸ್ ಮಧ್ಯದಲ್ಲಿ ಮೂರು ಜನರ ನಡುವೆ ನುಗ್ಗಿ 27 ಗಜದ ಕ್ಯಾಚ್. ನಂಗೆ ಇಡೀ ಪಂದ್ಯದಲ್ಲಿ ಅದೇ ಕ್ಯಾಚ್ ಕಣ್ಣಿಗೆ ಕಟ್ಟಿರೋದು. ಕೊನೇ ಪಾಸ್ ಮಾತ್ರ ರೈಸ್‌ಗೆ ಅಲ್ಲ, ಬೆಂಗಾಲ್ಸ್‌ನೋರ ಕಣ್ಣೆಲ್ಲ ಇವನ ಮೇಲೆ ಇದ್ದಾಗ ಮೊಂಟಾನಾ ಜಾನ್ ಟೇಲರ್‌ಗೆ ಎಸೆದ. 34 ಸೆಕೆಂಡ್ ಉಳಿದಿತ್ತು, 20-16. ಪಂದ್ಯದ ಶ್ರೇಷ್ಠ ಆಟಗಾರ ರೈಸ್. ಸೂಪರ್ ಬೌಲ್ ಒಂದರಲ್ಲಿ 215 ಗಜ ಅನ್ನೋದನ್ನ ಇನ್ನೂ ಯಾರೂ ದಾಟಿಲ್ಲ.

ಮುಂದಿನ ವರ್ಷ ಡೆನ್ವರ್ ಮೇಲೆ 55-10, ರೈಸ್ ಮೂರು ಟಚ್‌ಡೌನ್. 1995ರ ಜನವರಿಲಿ ಚಾರ್ಜರ್ಸ್ ಮೇಲೆ ಸ್ಟೀವ್ ಯಂಗ್ ಜೊತೆ ಮತ್ತೆ ಮೂರು, ಅದೂ ಭುಜ ನೋವಲ್ಲಿ.

ಸ್ಲಿಪ್_ಫೀಲ್ಡರ್

ಗುಡ್ಡದ ವಿಷ್ಯ ಬರ್ಲೇ ಇಲ್ವಲ್ಲ! ನಮ್ಮ ಬೇ ಏರಿಯಾದೋರಿಗೆ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇರೋರಿಗೆ) ಅದೇ ಹತ್ರದ್ದು. ಸ್ಯಾನ್ ಕಾರ್ಲೋಸ್, ರೆಡ್‌ವುಡ್ ಸಿಟಿ ಮಧ್ಯೆ ಎಡ್ಜ್‌ವುಡ್ ಪಾರ್ಕ್ ಇದೆಯಲ್ಲ, ವಸಂತ ಕಾಲದಲ್ಲಿ ಕಾಡು ಹೂ ನೋಡೋಕೆ ನಾವೆಲ್ಲ ಮಕ್ಕಳನ್ನ ಕರ್ಕೊಂಡು ಹೋಗ್ತೀವಿ. ರೈಸ್ ಸೀಸನ್ ಇಲ್ದೇ ಇರೋ ತಿಂಗಳುಗಳಲ್ಲಿ ದಿನಾ ಬೆಳಿಗ್ಗೆ ಓಡ್ತಿದ್ದಿದ್ದು ಅದೇ ಗುಡ್ಡ. ಸುಮಾರು ಎರಡೂವರೆ ಮೈಲಿ ಏರು, ಕೊನೆ ಭಾಗ ಅಂತೂ ಕಡಿದು. ಮೊದ್ಲು ಆ ಗುಡ್ಡ ತೋರಿಸಿದ್ದು ಅದೇ ತಂಡದ ರೋಜರ್ ಕ್ರೇಗ್. ಬೇರೆ ತಂಡದ ಹುಡುಗ್ರು ಬಂದು ಜೊತೆಗೆ ಓಡೋಕೆ ಹೋಗಿ ಅರ್ಧ ದಾರಿಲಿ ವಾಂತಿ ಮಾಡ್ಕೊಂಡು ಕೂತಿದ್ದ ಕಥೆಗಳಿವೆ. ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಜಿಮ್ಮಲ್ಲಿ ತೂಕ.

ನಾನು ಒಂದ್ಸಲ ನಿಲ್ಲದೇ ಓಡಿ ಹತ್ತೋಕೆ ನೋಡ್ದೆ. ಕಾಲು ಭಾಗಕ್ಕೇ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಆಗ ಅರ್ಥ ಆಗಿದ್ದು ನಂಗೆ, ನಾಲ್ಕನೇ ಕ್ವಾರ್ಟರಲ್ಲಿ, ಅಂದ್ರೆ ಆಟದ ಕೊನೇ ಕಾಲು ಭಾಗದಲ್ಲಿ, ಎದುರಾಳಿಗೆ ಸುಸ್ತಾಗಿ ಒಂದು ಹೆಜ್ಜೆ ತಡ ಆಗತ್ತಲ್ಲ, ಇವನಿಗೆ ಆಗಲ್ಲ. ಅವನು ವೇಗದಲ್ಲಿ ಗೆದ್ದಿದ್ದು ಅಲ್ಲ, ಮೊದಲನೇ ನಿಮಿಷ ಎಷ್ಟು ವೇಗ ಇತ್ತೋ ಕೊನೇ ನಿಮಿಷಾನೂ ಅಷ್ಟೇ ಇರ್ತಿತ್ತು.

ಮಿನ್ನೆಸೋಟ_ಚಳಿ

ಇದು ಒಪ್ಪೋ ಮಾತು. ಮಾಸ್ ಕೂಡ ಮನಸ್ಸು ಬಂದಾಗ ಮಾತ್ರ ಆಡ್ತೀನಿ ಅಂತ ಅವನೇ ಹೇಳಿದ್ದ, ಅದು ನಮಗೆಲ್ಲ ಆಗ ನೋವಾಗಿತ್ತು. ಆದ್ರೆ ಅಂಟಿನ ವಿಷ್ಯ ಏನ್ ಹೇಳ್ತೀರಿ? 2015ರಲ್ಲಿ ರೈಸೇ ಬಾಯಿಬಿಟ್ಟು ಗ್ಲೌಸ್ ಮೇಲೆ ಅಂಟಿನ ಸ್ಪ್ರೇ ಹಾಕ್ಕೋತಿದ್ದೆ ಅಂದಿದಾನೆ. ಆ ಅಂಟನ್ನ ಎನ್‌ಎಫ್‌ಎಲ್ ನಿಷೇಧ ಮಾಡಿದ್ದು 1981ರಲ್ಲಿ, ಅಂದ್ರೆ ಇವನು ಬರೋಕೆ ನಾಲ್ಕು ವರ್ಷ ಮುಂಚೆ. ಕೇಳಿದ್ದಕ್ಕೆ ನಮ್ಮ ಕಾಲದಲ್ಲಿ ಎಲ್ರೂ ಮಾಡ್ತಿದ್ರು ಅಂದ.

ಭಾನುವಾರದ_ವೀಕ್ಷಕ

ಇದಕ್ಕೆ ನಂಗೆ ಸಮಾಧಾನದ ಉತ್ತರ ಇಲ್ಲ. ಅದನ್ನ ಓದಿದ ದಿನ ಬೇಜಾರಾಗಿ ಎರಡು ದಿನ ಹಳೇ ವಿಡಿಯೋ ನೋಡೋದೇ ಬಿಟ್ಟಿದ್ದೆ. ನಿಯಮ ಇತ್ತು, ಅದನ್ನ ಮೀರ್ದ, ಅದು ತಪ್ಪೇ. ಎಲ್ರೂ ಮಾಡ್ತಿದ್ರು ಅನ್ನೋದು ತಪ್ಪನ್ನ ಸರಿ ಮಾಡಲ್ಲ. ಅದೇ ಹೊತ್ತಿಗೆ 20 ವರ್ಷದ ರೂಟು, ಗುಡ್ಡ, 208 ಟಚ್‌ಡೌನ್ ಅಂಟಿಂದ ಬಂತು ಅಂತ ಹೇಳೋಕೂ ನಂಗೆ ಬಾಯಿ ಬರಲ್ಲ. ಎರಡನ್ನೂ ಒಟ್ಟಿಗೆ ಇಟ್ಕೊಂಡೇ ಅಭಿಮಾನಿ ಆಗಿದೀನಿ.

ಫ್ರೀಮಾಂಟ್_ಅಮ್ಮ

ಅಂಟು ಬಿಡಿ, ನಂಗೆ ಭಯ ಆಗೋದು ಗಾಯದ್ದು. ಮೊಣಕಾಲು ಮುರ್ಕೊಂಡಿದ್ದು ಯಾವಾಗ?

ಕೆಂಪು_ಚಿನ್ನ_80

1997, ಸೀಸನ್‌ನ ಮೊದಲನೇ ಪಂದ್ಯ, ಟ್ಯಾಂಪಾದಲ್ಲಿ. ಆವರೆಗೆ 12 ವರ್ಷದಲ್ಲಿ ಗಾಯಕ್ಕೆ ಅಂತ ಒಂದು ಪಂದ್ಯಾನೂ ತಪ್ಪಿಸಿರ್ಲಿಲ್ಲ. ಎದುರಾಳಿ ತಂಡದ ವಾರನ್ ಸ್ಯಾಪ್ ಹೆಲ್ಮೆಟ್ ಜಾಲರಿ ಹಿಡಿದು ಎಳೆದು ಬೀಳಿಸ್ದ, ಎಡ ಮೊಣಕಾಲಿನ ಎರಡು ಲಿಗಮೆಂಟ್ ಹರಿದೋಯ್ತು. ಇದಕ್ಕೆ ಸಾಮಾನ್ಯವಾಗಿ ಒಂದು ವರ್ಷಾನೇ ಬೇಕು. ಈ ಮನುಷ್ಯ ಸುಮಾರು 15 ವಾರಕ್ಕೆ ವಾಪಸ್ ಬಂದ. ಡಿಸೆಂಬರ್ 15, ಡೆನ್ವರ್ ವಿರುದ್ಧ, ಅದೇ ರಾತ್ರಿ ಕ್ಯಾಂಡಲ್‌ಸ್ಟಿಕ್‌ನಲ್ಲಿ ಮೊಂಟಾನಾ ಅವರ 16ನೇ ನಂಬರ್ ಜೆರ್ಸಿಗೆ ನಿವೃತ್ತಿ ಕೊಡೋ ಸಮಾರಂಭ. ಟಚ್‌ಡೌನ್ ಹಿಡಿದ, ಬಿದ್ದ ರಭಸಕ್ಕೆ ಅದೇ ಮೊಣಕಾಲಿನ ಚಿಪ್ಪು ಬಿರುಕು ಬಿಡ್ತು. ಸೀಸನ್ ಅಲ್ಲಿಗೇ ಮುಗೀತು.

ಇದನ್ನ ಸಾಹಸ ಅಂತ ಹೊಗಳೋರು ಇದಾರೆ. ನಾನು ಫಿಸಿಯೋಥೆರಪಿ ಕೆಲಸ ಮಾಡೋನು, ಅಕ್ಕ, ನಾನಂತೂ ಹೊಗಳಲ್ಲ. ಅವಸರ ಮಾಡ್ದ. ನಿಮ್ಮ ಮಗನಿಗೆ ಈ ಒಂದು ವಿಷ್ಯದಲ್ಲಿ ರೈಸ್‌ನ ಅನುಸರಿಸಬೇಡ ಅಂತ ಖಂಡಿತ ಹೇಳಿ. ಆದ್ರೆ 1998ರಲ್ಲಿ ಸರಿಯಾಗಿ ವಾಸಿಯಾಗಿ ಬಂದು 82 ಕ್ಯಾಚ್, 1,157 ಗಜ ಹೊಡೆದಾಗ ವಯಸ್ಸು 36, ಅದನ್ನ ಎಷ್ಟು ಹೊಗಳಿದ್ರೂ ಕಮ್ಮೀನೇ.

ಕೊನೆ ವರ್ಷಗಳು ನೋಡೋಕೆ ಕಷ್ಟ. 2000ದ ಡಿಸೆಂಬರಲ್ಲಿ ಫಾರ್ಟಿನೈನರ್ಸ್ ಪರ ಮನೆ ಮೈದಾನದಲ್ಲಿ ಕೊನೇ ಪಂದ್ಯ, ಜನ ಇವನಿಗೆ ಅಂತ ಬಂದಿದ್ರು, ಅವತ್ತು ಅದೇ ತಂಡದ ಟೆರೆಲ್ ಓವೆನ್ಸ್ 20 ಕ್ಯಾಚ್ ಹಿಡಿದು ದಾಖಲೆ ಮಾಡ್ದ. ರೈಸ್ ಕೊಲ್ಲಿ ದಾಟಿ ಓಕ್‌ಲ್ಯಾಂಡ್ ರೇಡರ್ಸ್‌ಗೆ ಹೋದ. ಮುಗೀತು ಅಂದ್ಕೊಂಡೋರಿಗೆ 2002ರಲ್ಲಿ, 40 ತುಂಬಿದ ವರ್ಷ, 92 ಕ್ಯಾಚ್, 1,211 ಗಜ. ತಂಡ ಸೂಪರ್ ಬೌಲ್ ಮುಟ್ತು, ಟ್ಯಾಂಪಾ ಮೇಲೆ ಸೋತ್ರು, ಆ ಸೋಲಲ್ಲೂ ಒಂದು ಟಚ್‌ಡೌನ್ ಇವನದ್ದು. 2004ರಲ್ಲಿ ಸತತ 274 ಪಂದ್ಯದಲ್ಲಿ ಕನಿಷ್ಠ ಒಂದು ಕ್ಯಾಚ್ ಹಿಡಿದಿದ್ದ ಸರಣಿ ಮುರೀತು, ಆ ವರ್ಷವೇ ಸಿಯಾಟಲ್‌ಗೆ ಹೋದ. 2005ರಲ್ಲಿ ಡೆನ್ವರ್ ಶಿಬಿರಕ್ಕೂ ಹೋಗಿ ಬೆವರು ಸುರಿಸ್ದ, ತಂಡದಲ್ಲಿ ನಾಲ್ಕನೇ ರಿಸೀವರ್ ಜಾಗ ಅಂತ ಗೊತ್ತಾದಾಗ ನಿಲ್ಲಿಸಿಬಿಟ್ಟ.

2006ರಲ್ಲಿ ಫಾರ್ಟಿನೈನರ್ ಆಗೇ ನಿವೃತ್ತಿ ಆಗ್ಲಿ ಅಂತ ಹಳೇ ತಂಡ ಒಂದು ದಿನದ ಒಪ್ಪಂದ ಮಾಡ್ಕೊಳ್ತು. ಕಾಗದದ ಮೇಲೆ ಬರೆದ ಮೊತ್ತ 1,985,806.49 ಡಾಲರ್. ಬಿಡಿಸಿ ಓದಿ: 1985 ಬಂದ ವರ್ಷ, 80 ಜೆರ್ಸಿ, 06 ನಿವೃತ್ತಿಯ ವರ್ಷ, 49 ತಂಡ. ದುಡ್ಡೇನೂ ಕೊಡ್ಲಿಲ್ಲ, ಅದು ಬರೀ ಪ್ರೀತಿಗೆ.

ಗಾರೆಮೇಸ್ತ್ರಿ_ಮಗ

2010ರಲ್ಲಿ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ನಲ್ಲಿ ಅವನು ಮಾಡಿದ ಭಾಷಣ ನಿನ್ನೆ ರಾತ್ರಿ ಕೂತು ಪೂರ್ತಿ ಕೇಳ್ದೆ. ಅಪ್ಪನ್ನ ನೆನೆಸ್ಕೊಂಡ. ಆಮೇಲೆ ಒಂದು ಮಾತು ಹೇಳ್ದ, ತನಗಿರೋ ಒಂದೇ ಕೊರಗು ಅಂದ್ರೆ ಆಡೋವಾಗ ಅದನ್ನ ಖುಷಿಯಾಗಿ ಅನುಭವಿಸೋಕೆ ಪುರುಸೊತ್ತೇ ಮಾಡ್ಕೊಳ್ಲಿಲ್ಲ, ಮುಂದಿನದು ಮುಂದಿನದು ಅಂತ್ಲೇ ಇದ್ದೆ ಅನ್ನೋ ಅರ್ಥದಲ್ಲಿ. ಮೂರು ಸೂಪರ್ ಬೌಲ್ ಗೆದ್ದೋನು!

ನಮ್ಮಪ್ಪಂಗೆ ಈಗ ಅರವತ್ತೆಂಟು. ಇವತ್ತು ಬೆಳಿಗ್ಗೆ ಫೋನಲ್ಲಿ ಈ ಕಥೆ ಎಲ್ಲ ಹೇಳಿ ಕೇಳ್ದೆ, ಅಪ್ಪಾ, ಎಸೆದ ಇಟ್ಟಿಗೆ ಹಿಡಿಯೋದನ್ನ ನಂಗೆ ಕಲಿಸಿದ್ರಲ್ಲ, ಏನ್ ಹೇಳಿದ್ರಿ ಆಗ, ಮರ್ತೋಗಿದೆ ಅಂತ. ಅವ್ರು ಹೇಳಿದ್ದು ಅವರ ಮಾತಲ್ಲೇ ಹಾಕ್ತೀನಿ:

"ಇಟ್ಟಿಗೇನ ತಡೀಬಾರ್ದು ಕಣೋ. ಅದು ಬತ್ತಾ ಇರೋ ಜೊತೆಗೇ ಕೈನೂ ಹಿಂದಕ್ಕೆ ಬರ್ಬೇಕು. ಎಸೆಯೋನು ಹದ ಗೊತ್ತಿರೋನಾದ್ರೆ ನಿನ್ನ ಮುಂದೆ ಬಂದು ಒಂದು ಗಳಿಗೆ ನಿಂತಂಗಾಯ್ತದೆ, ಆಗ ತಗೋಬೇಕು. ಅದಕ್ಕೇ ಎಸೆಯೋನು ಯಾವಾಗ್ಲೂ ಒಬ್ನೇ ಇರ್ಬೇಕು, ದಿನಕ್ಕೊಬ್ಬ ಬದಲಾದ್ರೆ ಕೈ ಹೋಯ್ತದೆ."

ಕೆಂಪು ಚಿನ್ನ ಅವ್ರು ಮೇಲೆ ಬರೆದಿದಾರಲ್ಲ, ರಿಸೀವರ್ ತಿರುಗೋಕೆ ಮುಂಚೆ ಚೆಂಡು ಕೈ ಬಿಟ್ಟಿರತ್ತೆ ಅಂತ, ಎಸೆಯೋನು ಹಿಡಿಯೋನು ಇಬ್ರೂ ಒಂದೇ ಲೆಕ್ಕದಲ್ಲಿ ಇರ್ಬೇಕು ಅಂತ. ಫುಟ್‌ಬಾಲ್ ಒಂದು ಪಂದ್ಯಾನೂ ನೋಡದ ನಮ್ಮಪ್ಪನೂ ಅದನ್ನೇ ಹೇಳಿದ್ರು.

ಮಿನ್ನೆಸೋಟ_ಚಳಿ

ನಾನು ಅದೃಷ್ಟ ಅಂತ ಬರೆದಿದ್ದ ಮಾತಿಗೆ ನಿಮ್ಮ ತಂದೆಯವರು ಉತ್ತರ ಕೊಟ್ಟಂಗಾಯ್ತು. ಯಂಗ್ ರೈಸ್ ಜೋಡಿ ಒಟ್ಟಿಗೆ 85 ಟಚ್‌ಡೌನ್ ಮಾಡಿದ್ರು, ವರ್ಷಗಟ್ಲೆ ಒಬ್ಬನ ಕೈ ಇನ್ನೊಬ್ಬನಿಗೆ ಗೊತ್ತಿದ್ದಕ್ಕೇ ಅದು. ನನ್ನ ಆಯ್ಕೆ ಇನ್ನೂ ಮಾಸೇ. ಆದ್ರೆ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಧಾರವಾಡ_ಪೇಡಾ

ಈ ಶುಕ್ರವಾರ ಹೈಸ್ಕೂಲ್ ಆಟಕ್ಕ ನಾನೂ ಹೊಂಟೇನ್ರಿ. ಸಾಲಿನ ತುದಿಗೆ ನಿಂತಾವನ್ನ ಅಷ್ಟ ನೋಡಾಂವ, ಚೆಂಡು ಎಲ್ಲೆ ಐತಿ ಅಂತ ನೋಡಾಂವಲ್ಲ.

ಸ್ಲಿಪ್_ಫೀಲ್ಡರ್

ಬೇ ಏರಿಯಾದೋರಿಗೆ: ಬರೋ ಶನಿವಾರ ಬೆಳಿಗ್ಗೆ ಎಂಟಕ್ಕೆ ಎಡ್ಜ್‌ವುಡ್ ಪಾರ್ಕ್ ಗುಡ್ಡ ಹತ್ತೋಣ. ಓಡ್ಬೇಕು ಅಂತೇನಿಲ್ಲ, ನಡೆಯೋಣ. ಫ್ರೀಮಾಂಟ್ ಅಮ್ಮ, ನಿಮ್ಮ ಮಗನ್ನ ಕರ್ಕೊಂಡು ಬನ್ನಿ, ಅವನು ಬೇಕಾದ್ರೆ ಓಡ್ಲಿ. ನಾಯಿ ತರಂಗಿಲ್ಲ, ಸೈಕಲ್ಲೂ ಬಿಡಲ್ಲ ಒಳಗೆ. ನೀರು ಜಾಸ್ತಿ ತನ್ನಿ, ಮೇಲೆ ಎಲ್ಲೂ ಸಿಗಲ್ಲ.

ಫ್ರೀಮಾಂಟ್_ಅಮ್ಮ

ಬರ್ತೀವಿ. ಎಲ್ರಿಗೂ ಅವಲಕ್ಕಿ ಒಗ್ಗರಣೆ ನಾನು ತರ್ತೀನಿ. ಗಾರೆಮೇಸ್ತ್ರಿ ಮಗ ಅವ್ರೇ, ನೀವಿರೋದು ಎಲ್ಲಿ? ಹತ್ರ ಇದ್ರೆ ಬನ್ನಿ, ನನ್ನ ಮಗನಿಗೆ ನಿಮ್ಮ ತಂದೆ ಹೇಳಿದ್ದನ್ನ ಕೈಯಲ್ಲಿ ತೋರಿಸ್ಬೇಕು.

ಗಾರೆಮೇಸ್ತ್ರಿ_ಮಗ

ಸ್ಯಾಕ್ರಮೆಂಟೋ. ಆರು ಗಂಟೆಗೆ ಹೊರಡ್ತೀನಿ ಅಕ್ಕ.